ಬಾಡಿಗೆ ಮನೆಯಲ್ಲಿ ಆಂಟೆನಾ ಹಾಕೋಕೆ ಓನರ್ ಒಪ್ಪಿಗೆ ಬೇಕಾ?

ಬಾಲ್ಕನಿ ನಿಮ್ಮೊಬ್ಬರದೇ ಆಗಿದ್ದರೆ ಬೇಡ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡದವರು ಎಷ್ಟೋ ಜನ ಲೀಸ್‌ನಲ್ಲಿ ‘ಡಿಶ್, ಆಂಟೆನಾ ಹಾಕುವಂತಿಲ್ಲ’ ಎಂಬ ಸಾಲು ನೋಡಿ ಸುಮ್ಮನಾಗಿಬಿಡುತ್ತಾರೆ. ಸಹಿ ಹಾಕಿದ್ದರೂ ಆ ಸಾಲು ನಿಲ್ಲುವುದಿಲ್ಲ. ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ 1996ರಲ್ಲಿ, ಇಂಥ ಆಂಟೆನಾಗಳನ್ನು ಸುಮ್ಮನೆ ತಡೆಯುವಂತಿಲ್ಲ ಎನ್ನುವ ‘ಒಟಾರ್ಡ್’ ನಿಯಮ ತಂದಿತು. 1999ರ ಜನವರಿಯಿಂದ ಅದು ಬಾಡಿಗೆದಾರರಿಗೂ ಸಿಕ್ಕಿದೆ.

ಮೊದಲು ಜಾಗ ನೋಡಿ. ನೀವು ಮಾತ್ರ ಬಳಸುವ ಬಾಲ್ಕನಿ, ಪ್ಯಾಟಿಯೋ ಆದರೆ ಸರಿ. ಛಾವಣಿ, ಹೊರಗೋಡೆ, ಕಾರಿಡಾರ್ ಎಲ್ಲರದ್ದು, ಅಲ್ಲಿ ಈ ಹಕ್ಕು ನಡೆಯಲ್ಲ. ರೇಲಿಂಗ್ ದಾಟಿ ಹೊರಗೆ ಚಾಚಿದರೂ ನಡೆಯಲ್ಲ, ಆದ್ದರಿಂದ ಟೇಪ್ ಹಿಡಿದು ಅಳೆಯಿರಿ. ಡಿಶ್ ಅಗಲ ಒಂದು ಮೀಟರ್ ಮೀರಬಾರದು. ಉಪಗ್ರಹ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನ ಡಿಶ್ ಇದರೊಳಗೆ ಆರಾಮಾಗಿ ಬರುತ್ತದೆ. ಟಿವಿ ಆಂಟೆನಾಗೆ ಈ ಮಿತಿಯೇ ಇಲ್ಲ. ಹ್ಯಾಮ್ (ಹವ್ಯಾಸಿ) ರೇಡಿಯೋ, ಎಫ್‌ಎಂ ಆಂಟೆನಾಗಳಿಗೆ ಮಾತ್ರ ಈ ನಿಯಮದ ರಕ್ಷಣೆ ಇಲ್ಲ.

ಆಮೇಲೆ ದಿಕ್ಕು. ಇದನ್ನು ಲೀಸ್‌ಗೆ ಸಹಿ ಹಾಕುವ ಮುಂಚೆಯೇ ನೋಡಿಕೊಳ್ಳಿ. ಟಿವಿ ಡಿಶ್‌ಗೆ ದಕ್ಷಿಣದ ಆಕಾಶ ಬೇಕು, ಯಾಕಂದ್ರೆ ಆ ಉಪಗ್ರಹಗಳು ಭೂಮಧ್ಯರೇಖೆಯ ಮೇಲಿವೆ. ನಾನಿರುವ ಎಡಿಸನ್‌ನಲ್ಲಿ ಪುಕ್ಕಟೆ ಚಾನೆಲ್ ಬೇಕಂದ್ರೆ ಆಂಟೆನಾ ಈಶಾನ್ಯಕ್ಕೆ, ಮ್ಯಾನ್‌ಹ್ಯಾಟನ್ ಕಡೆ ತಿರುಗಬೇಕು. ಅಲ್ಲಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮತ್ತು ಒನ್ ವರ್ಲ್ಡ್ ಟ್ರೇಡ್ ಸೆಂಟರ್ ಮೇಲಿಂದ ಸಿಗ್ನಲ್ ಬರುತ್ತದೆ. ಬಾಲ್ಕನಿ ಬೇರೆ ಕಡೆ ಮುಖ ಮಾಡಿದೆ ಅಂತ ಛಾವಣಿ ಕೊಡಿ ಎಂದು ಕೇಳುವ ಹಕ್ಕಿಲ್ಲ.

ಗೋಡೆಗೆ ಡ್ರಿಲ್ ಹಾಕಬೇಡಿ. ಹೊರಗೋಡೆ ಕೊರೆಯಬೇಡಿ ಅನ್ನುವ ಹಕ್ಕು ಓನರ್‌ಗಿದೆ. ಐದು ಗ್ಯಾಲನ್ ಬಕೆಟ್‌ನಲ್ಲಿ ಕಬ್ಬಿಣದ ಪೈಪ್ ನೆಟ್ಟಗೆ ನಿಲ್ಲಿಸಿ ಕಾಂಕ್ರೀಟ್ ಸುರಿಯಿರಿ. ಗಟ್ಟಿಯಾಗುವವರೆಗೆ ಪೈಪ್ ವಾಲದಂತೆ ಎರಡು ಕಡೆ ಕಡ್ಡಿ ಕಟ್ಟಿ. ಮರುದಿನ ಅದರ ಮೇಲೆ ಆಂಟೆನಾ ಕೂರಿಸಿ. ಕೇಬಲ್‌ಗೆ ಅಂಗಡಿಯಲ್ಲಿ ಚಪ್ಪಟೆ ತುಂಡು ಸಿಗುತ್ತದೆ, ಜಾರುಬಾಗಿಲ ಸಂದಿಯಲ್ಲಿ ಹಾಯಿಸಿದರೆ ಬಾಗಿಲು ಪೂರ್ತಿ ಮುಚ್ಚುತ್ತದೆ. ಮನೆ ಬಿಡುವಾಗ ಒಂದು ಗುರುತೂ ಉಳಿಯಲ್ಲ.

ನಾನು ಹಾಕಿದ ಮೇಲೆ ನಮ್ಮ ಕಾಂಪ್ಲೆಕ್ಸ್ ಆಫೀಸಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ್ದರು: ತೆಗೆಯಿರಿ, ಇಲ್ಲಾಂದ್ರೆ ದಂಡ. ಅದು ಅನ್ಯಾಯ. ಇಂಥ ನೋಟಿಸ್ ಬಂದರೆ ಫೋನಲ್ಲಿ ವಾದ ಬೇಡ, ಇಮೇಲ್ ಬರೆಯಿರಿ. ‘47 ಸಿಎಫ್‌ಆರ್ 1.4000’ ಎಂದು ನಿಯಮದ ಸಂಖ್ಯೆ ಹಾಕಿ. ಬಾಲ್ಕನಿಯ ಫೋಟೋ, ಅಳತೆ ಸೇರಿಸಿ. ಯಾವ ಕಾರಣಕ್ಕೆ ತಡೆಯುತ್ತಿದ್ದೀರಿ ಅಂತ ಕೇಳಿ. ನೋಡೋಕೆ ಚೆನ್ನಾಗಿಲ್ಲ ಅನ್ನುವುದು ಕಾರಣವೇ ಅಲ್ಲ. ಬೆಂಕಿ ಬಿದ್ದಾಗ ಇಳಿಯುವ ದಾರಿಗೆ ಅಡ್ಡ ಬರುವಂಥ ನಿಜವಾದ ಸುರಕ್ಷತೆಯ ವಿಷಯವಾದರೆ, ಅಥವಾ ಐತಿಹಾಸಿಕ ಕಟ್ಟಡವಾದರೆ ಅವರ ಮಾತಿಗೆ ಬಲವಿದೆ. ಅದನ್ನು ಸಾಬೀತು ಮಾಡಬೇಕಾದವರೂ ಅವರೇ. ಕಟ್ಟಡಕ್ಕೆಲ್ಲ ಒಂದೇ ಆಂಟೆನಾ ಇದ್ದು, ಅಷ್ಟೇ ಚೆನ್ನಾಗಿ, ಜಾಸ್ತಿ ಖರ್ಚಿಲ್ಲದೆ ನಿಮಗೆ ಬೇಕಾದ್ದು ಸಿಗುತ್ತಿದ್ದರೆ ಆಗಲೂ ಅವರು ತಡೆಯಬಹುದು.

ಅಷ್ಟಕ್ಕೂ ಬಗ್ಗದಿದ್ದರೆ ಎಫ್‌ಸಿಸಿಗೆ ಅರ್ಜಿ ಹಾಕಬಹುದು. ಅರ್ಜಿ ಇತ್ಯರ್ಥವಾಗುವ ತನಕ ದಂಡ ಏರುವಂತಿಲ್ಲ. ತೀರ್ಪು ನಿಮ್ಮ ವಿರುದ್ಧ ಬಂದರೂ ಅದನ್ನು ಪಾಲಿಸಲು ಕನಿಷ್ಠ 21 ದಿನ ಕೊಡಲೇಬೇಕು.