ಕುಂಟುತ್ತಿದ್ದ ಗಾರ್ಡನಿಂಗ್ ವ್ಯಾಪಾರ ಕೊಳ್ಳಲು ಹೋದಾಗ

11 ವರ್ಷ ಬೇರೆಯವರ ಕೈಕೆಳಗೆ ಗಾರ್ಡನ್ ಕೆಲಸ ಮಾಡಿದವನು ನಾನು. ಹುಲ್ಲು, ಗೊಬ್ಬರ, ಕೀಟ ಎಲ್ಲ ಗೊತ್ತು. ಲೆಕ್ಕದ ಪುಸ್ತಕ ಕಂಡರೆ ಮಾತ್ರ ನಿದ್ದೆ ಬರುತ್ತದೆ. ಅಂಥವನಿಗೆ ಒಂದು ದಿನ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿ, "ನನ್ನ ವ್ಯಾಪಾರ ನೀನೇ ತಗೊಂಡುಬಿಡಪ್ಪ, ಮೊಣಕಾಲು ಇನ್ನು ನನ್ನ ಮಾತು ಕೇಳಲ್ಲ" ಅಂದರು. ಮನೆಮನೆಗೆ ಹೋಗಿ ಹುಲ್ಲು ಕತ್ತರಿಸಿ, ಗಿಡ ಸವರಿ, ಕಳೆ ಕಿತ್ತು ಬರುವ ವ್ಯಾಪಾರ. ಒಂದು ಪಿಕಪ್ ಗಾಡಿ, ಒಂದಿಷ್ಟು ಮೆಷಿನ್, ಕೆಲಸಕ್ಕೊಬ್ಬ ಹುಡುಗ, 52 ಗಿರಾಕಿಗಳ ಹೆಸರಿದ್ದ ನೋಟ್‌ಬುಕ್. ಕೇಳಿದ ಬೆಲೆ ಒಂದು ವರ್ಷದ ಪೂರ್ತಿ ವಹಿವಾಟಿನಷ್ಟು. ಎರಡು ವರ್ಷದಿಂದ ವ್ಯಾಪಾರ ಇಳಿದಿದೆ ಎಂದು ಅವರೇ ಒಪ್ಪಿಕೊಂಡರು. "ನಿನ್ನ ವಯಸ್ಸಿನವನು ಬಂದ್ರೆ ಮತ್ತೆ ಎದ್ದು ನಿಲ್ಲುತ್ತೆ."

ಆ ಮಾತು ನನಗೂ ಹಿಡಿಸಿತು, ಸುಳ್ಳೇಕೆ ಹೇಳಲಿ. ಗಾಡಿಯ ಮೇಲೆ ಯಾವ ಬಣ್ಣದಲ್ಲಿ ಹೆಸರು ಬರೆಸಬೇಕು ಅನ್ನುವಲ್ಲಿಯವರೆಗೂ ಆ ರಾತ್ರಿ ಯೋಚನೆ ಹೋಗಿತ್ತು. ಹೆಂಡತಿ ತಡೆದಳು. "ನೀರಲ್ಲಿರೋ ಎಮ್ಮೆಗೆ ಬೆಲೆ ಕಟ್ಟಬೇಡಿ. ಮೊದಲು ದಡಕ್ಕೆ ಬರಲಿ."

ಹಾಗಾಗಿ ಯಜಮಾನರ ಹತ್ತಿರ ಒಂದೇ ಒಂದು ಕೇಳಿದೆ: 10 ದಿನ ನಿಮ್ಮ ಜೊತೆ ಹೆಲ್ಪರ್ ಆಗಿ ಬರುತ್ತೇನೆ, ಕೂಲಿ ಬೇಡ. ಗಿರಾಕಿಗಳಿಗೆ ಮಾರಾಟದ ಸುದ್ದಿ ಗೊತ್ತಾಗಬಾರದು ಎಂಬ ಭಯ ಅವರಿಗಿತ್ತು, ಅದು ನ್ಯಾಯವೇ. ಹೊಸ ಆಳು ಅಂದುಕೊಳ್ಳಲಿ ಬಿಡಿ ಅಂದೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಇದೊಂದೇ ಇರಬೇಕು.

ಮೊದಲ ದಿನವೇ ಬೇಲಿ ಗಿಡಗಳು ಕಥೆ ಹೇಳಿದವು. ಸವರುವಾಗ ಬೇಲಿಯ ಬುಡ ಅಗಲ, ತಲೆ ಕಿರಿದು ಇರಬೇಕು. ಆಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು: ಮೇಲೆ ಛತ್ರಿಯ ಹಾಗೆ ಹರಡಿಕೊಂಡು, ಕೆಳಗೆ ಬರೀ ಕಡ್ಡಿ. ಒಂದು ದಿನದ ಅವಸರಕ್ಕೆ ಬೇಲಿ ಹೀಗಾಗುವುದಿಲ್ಲ, ಮೂರ್ನಾಲ್ಕು ವರ್ಷ ಮೇಲ್ಮೇಲಷ್ಟೇ ಕತ್ತರಿ ಆಡಿಸಿಕೊಂಡು ಬಂದಿರಬೇಕು. ಹುಲ್ಲುಹಾಸಿನ ಸ್ಥಿತಿಯೂ ಅದೇ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಅನ್ನುವುದು ಈ ಕೆಲಸದ ಮೊದಲ ಪಾಠ. ಇವರು ವಾರಕ್ಕೊಮ್ಮೆ ಹೋಗಬೇಕಾದ ಮನೆಗೆ ಮೂರು ವಾರಕ್ಕೊಮ್ಮೆ ಹೋಗಿ, ಬೆಳೆದದ್ದನ್ನೆಲ್ಲ ಒಂದೇ ಏಟಿಗೆ ಬೋಳಿಸುತ್ತಿದ್ದರು. ಅಲ್ಲಲ್ಲಿ ಹಳದಿ ತೇಪೆ. ಕೂತು ಹುಲ್ಲಿನ ತುದಿ ನೋಡಿದರೆ ಕತ್ತರಿಸಿದಂತಿರಲಿಲ್ಲ, ಹರಿದಂತೆ ನಾರುನಾರಾಗಿ ಬೆಳ್ಳಗಾಗಿತ್ತು. ಬ್ಲೇಡ್ ಸಾಣೆ ಕಂಡು ಬಹಳ ಕಾಲವಾಗಿತ್ತು.

ಎರಡನೆಯ ದಿನದಿಂದ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು ಗಂಟೆ ಬರೆಯತೊಡಗಿದೆ. ಹೊರಗಿರುವುದು ದಿನಕ್ಕೆ ಸರಾಸರಿ 9 ಗಂಟೆ. ಅದರಲ್ಲಿ ಗಿಡ ಮುಟ್ಟಿದ್ದು 4 ಗಂಟೆ 30 ನಿಮಿಷ. ಗಾಡಿ ಓಡಿಸಿದ್ದು 2 ಗಂಟೆ 40 ನಿಮಿಷ. ಉಳಿದದ್ದೆಲ್ಲ ಮೆಷಿನ್ ಇಳಿಸು, ಏರಿಸು, ಗೇಟ್ ಮುಂದೆ ನಿಂತು ಬೆಲ್ ಒತ್ತು. ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಅದರ ಎದುರು ದಿಕ್ಕು. ಯಾರು ಕರೆದರೂ "ಬರ್ತೀನಿ" ಅನ್ನುವ ಒಳ್ಳೆಯ ಮನುಷ್ಯ ಅವರು, 20 ವರ್ಷದಲ್ಲಿ ಒಂದು ಮನೆಯನ್ನೂ ಬೇಡ ಅಂದಿರಲಿಲ್ಲ. ದರವನ್ನೂ 6 ವರ್ಷದಿಂದ ಏರಿಸಿರಲಿಲ್ಲ. ಕೇಳಿದರೆ, "ಹಳೇ ಜನ ಕಣಪ್ಪ, ಹೆಂಗೆ ಕೇಳೋದು?"

ನನಗೆ ಇಲ್ಲಿ ಸ್ವಲ್ಪ ಧೈರ್ಯವೂ ಬಂತು. ಕಮ್ಮಿ ದರ, ಚೆಲ್ಲಾಪಿಲ್ಲಿ ದಾರಿ, ಮೊಂಡು ಬ್ಲೇಡ್ ಇವು ಮೂರೂ ಸರಿಮಾಡಬಹುದಾದ ರೋಗ. ಊರಲ್ಲಿ ಗಾರ್ಡನ್ ಕೆಲಸಕ್ಕೆ ಗಿರಾಕಿಯೇ ಇಲ್ಲ ಅನ್ನುವುದಾಗಿದ್ದರೆ ಅಂದೇ ಕೈಮುಗಿದು ಬರುತ್ತಿದ್ದೆ.

ಸಂಜೆಯ ಲೆಕ್ಕ ಹೆಂಡತಿಯದು. ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ ಪುಸ್ತಕ, ಆ ನೋಟ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಳು. 52 ಹೆಸರಲ್ಲಿ ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ದುಡ್ಡು ಕೊಟ್ಟವರು 34. ಉಳಿದವರಲ್ಲಿ ಕೆಲವರು ಮನೆ ಬಿಟ್ಟು ಹೋಗಿದ್ದರು, ಒಬ್ಬರು ತೀರಿಕೊಂಡೇ ಹೋಗಿದ್ದರು. ಈ 34ರಲ್ಲಿ ಎರಡು ದೊಡ್ಡವು, ಒಂದು ಅಪಾರ್ಟ್‌ಮೆಂಟ್, ಒಂದು ಆಫೀಸು. ಇವೆರಡರಿಂದಲೇ ಆದಾಯದ 45%. ಆಫೀಸಿನ ಕರಾರು ಇನ್ನು 4 ತಿಂಗಳಿಗೆ ಮುಗಿಯುವುದಿತ್ತು, ಅಪಾರ್ಟ್‌ಮೆಂಟಿನದು ಬರೀ ಬಾಯಿಮಾತು. "ಪುಸ್ತಕಕ್ಕೆ ಹತ್ತದ ಕ್ಯಾಶ್ ಬೇರೆ ಬರುತ್ತೆ" ಎಂದು ಯಜಮಾನರು ಹೇಳಿದ್ದರು. ಕಾಗದದಲ್ಲಿ ಕಾಣದ ದುಡ್ಡಿಗೆ ನಾನೇಕೆ ಬೆಲೆ ಕೊಡಲಿ?

ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು: "ರೀ, ಲಾಭ ಅಂತ ಬರೆದಿದ್ದಾರಲ್ಲ, ಇದರಲ್ಲಿ ಅವರ ಸಂಬಳ ಎಲ್ಲಿ?"

ಎಲ್ಲೂ ಇರಲಿಲ್ಲ. ವಾರಕ್ಕೆ 6 ದಿನ ಬೆವರು ಸುರಿಸಿದ ಮನುಷ್ಯ ತನಗೆ ಕೂಲಿ ಹಾಕಿಕೊಂಡೇ ಇರಲಿಲ್ಲ. ನಾನು ಆಗ ಪಡೆಯುತ್ತಿದ್ದ ಸಂಬಳವನ್ನು ಆ ಲಾಭದಲ್ಲಿ ಕಳೆದರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಯಿತು. ಅಂದರೆ ಅವರು ಮಾರುತ್ತಿದ್ದದ್ದು ಒಂದು ನೌಕರಿ, ಅದೂ ನನ್ನ ಈಗಿನ ನೌಕರಿಗಿಂತ ಕಮ್ಮಿ ಸಂಬಳದ್ದು. ಅದಕ್ಕೆ ನಾನು ಸಾಲ ಮಾಡಿ ಬೆಲೆ ಕೊಡಬೇಕಿತ್ತು.

ಇನ್ನೊಂದು ಗಂಟೂ ಅಲ್ಲೇ ಸಿಕ್ಕಿತು. ನಾವು ಹೋಗಿದ್ದ 5 ಮನೆಗಳಿಂದ ತಿಂಗಳುಗಟ್ಟಲೆ ಒಂದು ಕಾಸೂ ಬಂದಿರಲಿಲ್ಲ. ಬಾಕಿಯೇ ಎಂದು ಕೇಳಿದರೆ ಯಜಮಾನರು ನೆಲ ನೋಡಿದರು. ವರ್ಷದ ದುಡ್ಡನ್ನು ಮುಂಗಡವಾಗಿ ಇಸಿದುಕೊಂಡು ಗಾಡಿಯ ಸಾಲಕ್ಕೆ ಕಟ್ಟಿಬಿಟ್ಟಿದ್ದರು. ವ್ಯಾಪಾರ ಕೊಂಡಿದ್ದರೆ ಆ ಮನೆಗಳಿಗೆ ಉಳಿದ ವರ್ಷವೆಲ್ಲ ನನ್ನ ಬಿಟ್ಟಿ ಚಾಕರಿ. ಗಾಡಿಯ ಸಾಲವೂ ಇನ್ನೂ ತೀರಿರಲಿಲ್ಲ.

ಮೆಷಿನ್ ನೋಡಲು ಹೋದ ದಿನ ಲಾನ್ ಮೂವರ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಸಂತೋಷವಾಗಿ ಎಂಜಿನ್ ಮೇಲೆ ಕೈಯಿಟ್ಟರೆ ಬಿಸಿ. ನಾನು ಬರುವ ಮುಂಚೆಯೇ ಓಡಿಸಿ ಇಟ್ಟಿದ್ದರು. ಏನೂ ಹೇಳದೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹೋದೆ. ತಣ್ಣಗಿದ್ದ ಎಂಜಿನ್‌ಗೆ 14 ಎಳೆತ ಬೇಕಾಯಿತು, ಮೇಲೆ ನೀಲಿ ಹೊಗೆ. ಕಳೆ ಕತ್ತರಿಸುವ ಬ್ರಷ್ ಕಟರ್‌ನ ಡಬ್ಬಿಯಲ್ಲಿ ಯಾವ ಕಾಲದ್ದೋ ಪೆಟ್ರೋಲ್, ಮುಚ್ಚಳ ತೆಗೆದರೆ ವಾರ್ನಿಶ್ ವಾಸನೆ. ಇದರ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎಷ್ಟು ಹಾಕುತ್ತೀಯ ಎಂದು ಹುಡುಗನನ್ನು ಕೇಳಿದೆ. "ಅಂದಾಜಿಗೆ ಅಣ್ಣ" ಅಂದ. ಮೆಷಿನ್ ಮೇಲೆ 50:1 ಎಂದು ಅಚ್ಚಾಗಿತ್ತು, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್.

ಗಿರಾಕಿಗಳ ಮಾತು ಇವೆಲ್ಲಕ್ಕಿಂತ ಹೆಚ್ಚು ಕಾಡಿತು. ಒಬ್ಬ ಅಜ್ಜಿ ಯಜಮಾನರಿಗೆ ಕುರ್ಚಿ ಹಾಕಿಸಿ ನನ್ನ ಕಡೆ ತಿರುಗಿ, "ಇವರು ಬಿಟ್ಟರೆ ನಾನು ಇನ್ಯಾರನ್ನೂ ಗೇಟ್ ಒಳಗೆ ಬಿಡಲ್ಲ" ಅಂದರು. ಯಜಮಾನರ ಮುಖ ಅರಳಿತು, ನನ್ನ ಎದೆ ಧಸಕ್ ಅಂದಿತು. ಈ ನಂಟನ್ನು ಕರಾರಿನ ಯಾವ ಕಲಮಿನಲ್ಲಿ ನನ್ನ ಹೆಸರಿಗೆ ವರ್ಗ ಮಾಡಿಸಲಿ?

ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ ನಾನು ಮುಂದಿಟ್ಟದ್ದು ಇಷ್ಟು. ಪೂರ್ತಿ ವ್ಯಾಪಾರ ಬೇಡ. ನನ್ನ ಮನೆಯಿಂದ ಒಂದೇ ಸುತ್ತಿನಲ್ಲಿ ಮುಗಿಯುವ 17 ಮನೆಗಳು, ಗಿರಾಕಿಗಳು ಕರೆ ಮಾಡುವ ಯಜಮಾನರ ಫೋನ್ ನಂಬರ್, ಪಟ್ಟಿ ಮಾಡಿದ ಕೆಲವು ಮೆಷಿನ್, ಇವಿಷ್ಟಕ್ಕೆ ಬೆಲೆ. ಗಾಡಿ, ಸಾಲ, ಮುಂಗಡ ಇಸಿದುಕೊಂಡ ಮನೆಗಳು ಅವರಲ್ಲೇ ಉಳಿಯಬೇಕು. ದುಡ್ಡಲ್ಲಿ ಮೂರನೇ ಒಂದು ಭಾಗ ಈಗ, ಉಳಿದದ್ದು 6 ತಿಂಗಳ ಮೇಲೆ, ಆಗ ಎಷ್ಟು ಮನೆ ನನ್ನ ಜೊತೆ ಇವೆಯೋ ಅಷ್ಟಕ್ಕೆ ಮಾತ್ರ. ಮೊದಲ ತಿಂಗಳು ಪ್ರತಿ ಮನೆಗೂ ಅವರೇ ಬಂದು ನನ್ನನ್ನು ಪರಿಚಯಿಸಬೇಕು. ಈ ಮನೆಗಳ ಕೆಲಸ 2 ವರ್ಷ ಅವರು ಮತ್ತೆ ಹಿಡಿಯಬಾರದು. ಎಲ್ಲವನ್ನೂ ವಕೀಲರ ಕೈಲಿ ಬರೆಸಿದೆ.

ಯಜಮಾನರಿಗೆ ಬೇಸರವಾಯಿತು. ಒಂದು ವಾರ ಫೋನ್ ಎತ್ತಲಿಲ್ಲ. ಎಂಟನೆಯ ದಿನ ತಾವಾಗಿಯೇ ಬಂದು, ಫೋನ್ ನಂಬರ್ ಕೊಡುವುದಕ್ಕೆ ಮಾತ್ರ ಮನಸ್ಸಾಗುತ್ತಿಲ್ಲ ಅಂದರು. ಗಾಡಿ ಬಿಟ್ಟೇನು, ನಂಬರ್ ಬಿಡಲಾರೆ ಅಂದೆ, ಯಾಕೆಂದರೆ ವ್ಯಾಪಾರ ಇದ್ದದ್ದೇ ಅದರೊಳಗೆ. ಕೊಟ್ಟರು.

ಆರು ತಿಂಗಳಿಗೆ 17ರಲ್ಲಿ 14 ಉಳಿದವು. ದರ ಏರಿಸಿದ್ದಕ್ಕೆ ಇಬ್ಬರು ಹೋದರು, ಒಬ್ಬರು ಮನೆಯನ್ನೇ ಮಾರಿದರು. ಆ ಆಫೀಸಿನ ಕೆಲಸ ಕರಾರು ಮುಗಿದ ದಿನವೇ ಬೇರೆಯವರ ಪಾಲಾಯಿತು ಎಂದು ಆಮೇಲೆ ಕೇಳಿದೆ. ಅಜ್ಜಿ ಗೇಟ್ ತೆರೆಯುತ್ತಾರೆ, ಕುರ್ಚಿ ಇನ್ನೂ ಹಾಕಿಸಿಲ್ಲ. ಅವರ ಬೇಲಿಯ ಒಂದು ಮಗ್ಗುಲನ್ನು ಬೋಳು ಕಡ್ಡಿಯವರೆಗೆ ಕತ್ತರಿಸಿದ್ದೇನೆ, ಅಲ್ಲಿ ಚಿಗುರು ತುಂಬಿದ ಮೇಲೆ ಮುಂದಿನ ವರ್ಷ ಇನ್ನೊಂದು ಮಗ್ಗುಲು. ಆ ಬ್ರಷ್ ಕಟರನ್ನು ಮಾತ್ರ ಪಟ್ಟಿಗೆ ಸೇರಿಸಬಾರದಿತ್ತು. ಅಗ್ಗಕ್ಕೆ ಬಂತು ಎಂದು ತಗೊಂಡೆ, ಈಗ ಮೂರನೆಯ ಸಲ ರಿಪೇರಿಗೆ ಹೋಗಿದೆ.