ಹೊಲಿಗೆ ಮಷಿನ್ ಉಳಿಯಿತು, ಸಾಲವೂ ಇಳಿಯಿತು: ನನ್ನ ಅನುಭವ

ಕುಮಟಾ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ತದಡಿ ಬಂದರಿನಿಂದ ಬೋಟಿಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಆ 61 ದಿನ ಬೋಟು ದಡದಲ್ಲಿ ಇರುತ್ತದೆ, ಕಂತು ಮಾತ್ರ ವಾರ ತಪ್ಪುವುದಿಲ್ಲ. ನಮ್ಮ ಸಾಲ ಬೆಳೆದದ್ದು ಅಲ್ಲೇ. 2023ರ ಮಳೆಗಾಲದಲ್ಲಿ ಒಂದು ಮೈಕ್ರೋಫೈನಾನ್ಸ್ ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ತೆಗೆದೆ. ಮರುವರ್ಷ ಅದನ್ನು ಕಟ್ಟಲು ಮೂರನೆಯದು. ಅದೂ ಸಾಲದೆ, ಪೇಟೆಯಲ್ಲಿ ಒಬ್ಬರಿಗೆ ಎರಡು ಖಾಲಿ ಚೆಕ್ ಕೊಟ್ಟು 30,000 ಕೈಸಾಲ ತಂದೆ.

2025ರ ಜನವರಿಯಲ್ಲಿ ಒಂದು ದಿನ ಸಂಜೆ ಏಳೂವರೆಗೆ ವಸೂಲಿಯ ಹುಡುಗ ಬಂದ. ಮಗಳು ಓದುತ್ತಾ ಕೂತಿದ್ದಳು. ಅವನು ನನ್ನ ಮಷಿನ್ ಮೇಲೆ ಕೈ ಇಟ್ಟು, "ದುಡ್ಡಿಲ್ಲ ಅಂದ್ರೆ ಇದನ್ನೇ ಹೊತ್ತುಕೊಂಡು ಹೋಗ್ತೇವೆ ನೋಡಿ" ಅಂದ. ಅರ್ಧ ಹೊಲಿದ ರವಿಕೆ ಇನ್ನೂ ಸೂಜಿಯ ಕೆಳಗೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಕ್ಕದ ಮನೆಯ ಅಕ್ಕ ಒಬ್ಬರಿಗೆ ಎಲ್ಲ ಹೇಳಿಕೊಂಡು ಅತ್ತೆ. "ತಂಗಿ, ಅಳಬೇಡ. ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ಫೀಸಿಲ್ಲ, ಆದಾಯ ಎಷ್ಟೇ ಇರಲಿ. ನಾಳೆ ಹೋಗುವಾ" ಅಂದರು. ಮರುದಿನ ಅವರೇ ಕರೆದುಕೊಂಡು ಹೋದರು. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು.

ಸಮಿತಿಯ ವಕೀಲರು ಮೊದಲು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಯಾರಿಗೆ ಎಷ್ಟು, ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ, ಏನು ಅಡವು ಇಟ್ಟಿದ್ದೀರಿ, ಎಲ್ಲ ಬರೆಯಿರಿ ಅಂದರು. ಮೂರು ಫೈನಾನ್ಸಿಗೆ 41,000, 28,000, 13,000. ಕೈಸಾಲ 30,000. ಸೊಸೈಟಿಯಲ್ಲಿ ಸರದ ಮೇಲೆ 35,000. ಒಟ್ಟು 1,47,000. ಅಷ್ಟು ದಿನ ಅದು ಲಕ್ಷಗಟ್ಟಲೆ ಅಂತ ಮಾತ್ರ ಗೊತ್ತಿತ್ತು. ಬರೆದ ಮೇಲೆ ಹೆದರಿಕೆ ಸ್ವಲ್ಪ ಕಡಿಮೆಯಾಯಿತು, ನಿಜವಾಗಿಯೂ.

ಆಮೇಲೆ ಅವರು ಮಷಿನ್ ಬಗ್ಗೆ ಹೇಳಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಕಸುಬಿನ ಉಪಕರಣ, ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಇವನ್ನು ಕೋರ್ಟೇ ಜಪ್ತಿ ಮಾಡುವ ಹಾಗಿಲ್ಲ. ಕೋರ್ಟಿಗೇ ಇಲ್ಲದ ಅಧಿಕಾರ ವಸೂಲಿಯವನಿಗೆ ಎಲ್ಲಿಂದ ಬರಬೇಕು? 56ನೇ ಕಲಂ ಪ್ರಕಾರ ಸಾಲದ ಡಿಕ್ರಿಗೆ, ಅಂದರೆ ಹಣ ಕಟ್ಟಿ ಅನ್ನುವ ಕೋರ್ಟಿನ ತೀರ್ಪಿಗೆ, ಹೆಂಗಸರನ್ನು ಬಂಧಿಸಲೂ ಆಗುವುದಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಮ್ಮ ಆದಾಯ ಸುಮಾರು 18,000, ಮೂರು ಫೈನಾನ್ಸಿನ ಕಂತೇ 11,400. ಮೂರನೆಯ ಕಂಪನಿಯ ಅರ್ಜಿ ತರಿಸಿ ನೋಡಿದರೆ ಆದಾಯ 24,000 ಅಂತ ಬರೆದಿತ್ತು. ನಾನು ಹೇಳಿದ ಲೆಕ್ಕ ಅದಲ್ಲ. ಕೆಳಗೆ ಸಹಿ ಮಾತ್ರ ನನ್ನದು.

ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು. ಆಮೇಲೆ ಅದೇ ಕಾಯ್ದೆಯಾಯಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಮ್ಮ ಗುಂಪಿನಲ್ಲಿ ಎಲ್ಲರೂ "ಸಾಲ ಮನ್ನಾ ಆಯ್ತಂತೆ" ಅನ್ನುತ್ತಿದ್ದರು. ಹಾಗಲ್ಲ. ತೀರಿದ ಹಾಗೆ ಎಂದು ಹೇಳಿರುವುದು ಲೈಸೆನ್ಸು, ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲವನ್ನು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಹಾಗೇ ಉಳಿಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕಂತು ನಿಲ್ಲಿಸಿದವರು ಆಮೇಲೆ ಕಷ್ಟಪಟ್ಟರು.

ಕೈಸಾಲಕ್ಕೆ ಸಮಿತಿಯಿಂದ ನೋಟಿಸ್ ಹೋಯಿತು. ಅವರು ಬಂದರು. ವಕೀಲರು ಕೇಳಿದ್ದು ಒಂದೇ ಮಾತು: "ಲೇವಾದೇವಿ ಲೈಸೆನ್ಸ್ ತೋರಿಸಿ." ಅದು ಇರಲಿಲ್ಲ. ಬಡ್ಡಿ ಅಂತ ನಾನು ಆಗಲೇ 40,000 ಕೊಟ್ಟಿದ್ದೆ. ಎರಡೂ ಚೆಕ್ ವಾಪಸ್ ಕೊಟ್ಟು, ಬಾಕಿ ಇಲ್ಲ ಅಂತ ಸಹಿ ಹಾಕಿ ಹೋದರು.

ಸರ ಮಾರಿದ್ದು ನನ್ನದೇ ತೀರ್ಮಾನ. ಅಮ್ಮ ಮದುವೆಗೆ ಹಾಕಿದ್ದು, ಬಿಡಲು ಮನಸ್ಸೇ ಬರಲಿಲ್ಲ. ಆದರೆ ಅದು ಲಾಕರಿನಲ್ಲೇ ಕೂತು ಬಡ್ಡಿ ತಿನ್ನುತ್ತಿತ್ತು. ಚಿನ್ನದ ರೇಟು ಏರಿತ್ತು. ಸೊಸೈಟಿ ಸಾಲ ತೀರಿಸಿ 21,000 ಉಳಿಯಿತು. ಅದರಲ್ಲಿ ಮೂರನೆಯ ಫೈನಾನ್ಸಿನ 13,000 ಪೂರ್ತಿ ಕಟ್ಟಿದೆ.

ದಿವಾಳಿ ಅರ್ಜಿ ಹಾಕಲು ಬರುತ್ತದಾ ಅಂತಲೂ ಕೇಳಿದ್ದೆ. ವಕೀಲರು ತಾಳ್ಮೆಯಿಂದ ಹೇಳಿದರು. 2016ರ ದಿವಾಳಿ ಸಂಹಿತೆಯಲ್ಲಿ ತೀರಾ ಬಡವರಿಗೆ ಹೊಸದಾಗಿ ಶುರು ಮಾಡಲು ಒಂದು ದಾರಿ ಬರೆದಿದ್ದಾರೆ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಆದರೆ ಆ ಭಾಗವನ್ನು ಇನ್ನೂ ಜಾರಿಗೆ ತಂದಿಲ್ಲ, ತಂದರೂ ನಾವು ಅದರೊಳಗೆ ಬರುವುದಿಲ್ಲ. 1920ರ ಹಳೆಯ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಅರ್ಜಿ ಹಾಕಬಹುದು. ಆದರೆ ಆಸ್ತಿಯೆಲ್ಲ ಕೋರ್ಟಿನ ಕೈಗೆ ಹೋಗುತ್ತದೆ, ವರ್ಷಗಟ್ಟಲೆ ಓಡಾಟ. ದುಡಿಯಲು ಇಬ್ಬರಿದ್ದೇವೆ, ರಾಜಿಯೇ ಒಳ್ಳೆಯದು ಅನ್ನಿಸಿತು. ಬಡವರ ಕೈಸಾಲ ತೀರಿಸಲು ರಾಜ್ಯ ತಂದ 2018ರ ಋಣ ಪರಿಹಾರ ಕಾಯ್ದೆ ಇತ್ತಲ್ಲ, ಅದು 2019ರಲ್ಲಿ ಜಾರಿಗೆ ಬಂದಾಗ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ 90 ದಿನದೊಳಗೆ ಅರ್ಜಿ ಕೊಡಬೇಕಿತ್ತು. ಆ ಬಾಗಿಲು ಎಂದೋ ಮುಚ್ಚಿದೆ.

ಉಳಿದ ಎರಡು ಸಾಲ ಮಾರ್ಚಿನ ಲೋಕ ಅದಾಲತ್‌ಗೆ ಹೋದವು. ಕೇಸ್ ದಾಖಲಾಗುವ ಮೊದಲೇ ರಾಜಿಗೆ ಕರೆಯಬಹುದು, ಕೋರ್ಟ್ ಫೀ ಇಲ್ಲ. ಮೊದಲನೆಯ ಕಂಪನಿಯವರು ದಂಡ ಬಡ್ಡಿ ಬಿಟ್ಟು 32,000 ಅಂದರು. ನಾನು ಅಳತೆ ಪುಸ್ತಕದ ಹಿಂದೆ ಬರೆದ ಮನೆ ಖರ್ಚು ತೋರಿಸಿದೆ. 26,000ಕ್ಕೆ ಒಪ್ಪಿದರು, 2,600ರಂತೆ ಹತ್ತು ಕಂತು. ಎರಡನೆಯದು 24,000ಕ್ಕೆ, 2,000ದಂತೆ ಹನ್ನೆರಡು. ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಜೂನ್, ಜುಲೈಯಲ್ಲಿ ಕಂತು ಬೇಡ. ಅದನ್ನು ರಾಜಿಪತ್ರದಲ್ಲೇ ಬರೆಸಿಕೊಂಡೆ. ಬೋಟಿನ ಮನೆಯವರು ದಯವಿಟ್ಟು ಇದನ್ನು ಬಾಯಿಮಾತಿಗೆ ಬಿಡಬೇಡಿ. ಲೋಕ ಅದಾಲತ್ ತೀರ್ಪು ಡಿಕ್ರಿಗೆ ಸಮ, ಅಪೀಲಿಲ್ಲ. ಕಟ್ಟಲು ಆಗದ ಕಂತಿಗೆ ಸುಮ್ನೆ ತಲೆ ಆಡಿಸಿ ಬಂದರೆ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತೇವೆ.

ಸಿಬಿಲ್‌ನಲ್ಲಿ (ನಮ್ಮ ಸಾಲದ ದಾಖಲೆ) "ಸೆಟಲ್ಡ್", ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು, ಅಂತ ಬೀಳುತ್ತದೆ, ಹೊಸ ಸಾಲ ಸಿಗುವುದು ಕಷ್ಟ. ವರ್ಷಕ್ಕೊಮ್ಮೆ ಆ ವರದಿ ಪುಕ್ಕಟೆ ಸಿಗುತ್ತದೆ, ಮಗಳು ಮೊಬೈಲಿನಲ್ಲಿ ತೆಗೆದುಕೊಟ್ಟಳು.

ಮೊದಲನೆಯದರ ಹತ್ತೂ ಕಂತು ಮುಗಿದಿವೆ. ಬಾಕಿ ಇಲ್ಲ ಅನ್ನುವ ನೋ ಡ್ಯೂ ಕಾಗದ ಮಷಿನಿನ ಡ್ರಾವರಿನಲ್ಲಿ ಇಟ್ಟಿದ್ದೇನೆ. ಎರಡನೆಯದರಲ್ಲಿ ಎರಡು ಕಂತು ಬಾಕಿ. ಬೋಟು ದಡಕ್ಕೆ ಬರುವ ಮೊದಲೇ ಅದೂ ಮುಗಿಯುತ್ತದೆ.