ಗೇಟಿಗೆ ನೋಟಿಸ್ ಹಚ್ಚದೆ ಫೌಂಡ್ರಿಗೆ ಕೋವಿಡ್ ಲಸಿಕೆ ಹಾಕಿಸಿದ್ದು: ನನ್ನ ಅನುಭವ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್ ಕಡೆಯ ಎಚ್‌ಆರ್ ಮಂದಿ ಸಿಕ್ಕಾಗ ಈಗಲೂ ಕೇಳುತ್ತಾರೆ, ಕಡ್ಡಾಯ ಅಂತ ಒಂದು ಚೀಟಿಯನ್ನೂ ಹಚ್ಚದೆ ಅಷ್ಟು ಜನಕ್ಕೆ ಲಸಿಕೆ ಹಾಕಿಸಿದ್ದು ಹೇಗೆ ಅಂತ. 2021ರಲ್ಲಿ, ಲಸಿಕೆ ಹಾಕಿಸಿಕೊಂಡವರಿಗೆ ಪಗಾರಸಹಿತ ಸೂಟಿ ಕೊಡುತ್ತೇನೆ ಅಂದಾಗ, ಇದೇ ಮಂದಿ ನನ್ನನ್ನು ಆಡಿಕೊಂಡಿದ್ದರು. "ಪಗಾರ ಕೊಟ್ಟು ಸೂಟಿ ಕೊಟ್ರ ಎಲ್ಲಾರೂ ಮನ್ಯಾಗ ಮಲಗ್ತಾರ, ಆಮ್ಯಾಲೆ ನಿಮ್ಮ ಸಾಹೇಬ್ರು ನಿನ್ನ ಮನಿಗೆ ಕಳಸ್ತಾರ" ಅಂತ ಒಬ್ಬ ಗೆಳೆಯ ಫೋನಿನಲ್ಲೇ ನಕ್ಕಿದ್ದ. ಅವನಿಗೂ ಸೇರಿ ಇದನ್ನು ಬರೆಯುತ್ತಿದ್ದೇನೆ. ಕಾಯ್ದೆಯ ಪಾಠ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಹೇಳುವ ಕಲಂಗಳು 2021ರಲ್ಲಿ ಜಾರಿಯಲ್ಲಿದ್ದವು.

ನಮ್ಮದು ಎರಕದ ಕಾರ್ಖಾನೆ. ಗುತ್ತಿಗೆ ಆಳು ಸೇರಿ 160ರ ಆಸುಪಾಸು. ಖಾನಾಪುರ, ಹುಕ್ಕೇರಿ, ಬೈಲಹೊಂಗಲ ಕಡೆಯವರು ಜಾಸ್ತಿ, ಗಡಿ ಆ ಕಡೆಯ ಚಂದಗಡದಿಂದ ಬೈಕಿನಲ್ಲಿ ಬರುವವರು ಒಂದಷ್ಟು, ಎರಕ ಉಜ್ಜಿ ಸವರುವ ಫೆಟ್ಲಿಂಗ್‌ನಲ್ಲಿ ಒಡಿಶಾ ಬಿಹಾರದ ಹುಡುಗರು, ಅಚ್ಚಿನ ಒಳಗೆ ಇಡುವ ಮರಳಿನ ತಿರುಳು ಮಾಡುವ ಕೋರ್ ಶಾಪ್‌ನಲ್ಲಿ ಹೆಣ್ಣುಮಕ್ಕಳು. ನಮ್ಮ ಮಾಲೀಕ ಸಾಹೇಬರಿಗೆ ಪುಣೆಯ ಒಬ್ಬ ಗಿರಾಕಿಯಿಂದ ಮೇಲ್ ಬಂದಿತ್ತು, ಎಲ್ಲರ ಲಸಿಕೆ ಸರ್ಟಿಫಿಕೇಟ್ ಕಳಿಸಿ ಅಂತ. ಪಕ್ಕದ ಕಾರ್ಖಾನೆಯವರು ಆಗಲೇ 'ಲಸಿಕೆ ಇಲ್ಲದಿದ್ದರೆ ಪ್ರವೇಶವಿಲ್ಲ, ಪಗಾರವಿಲ್ಲ' ಅಂತ ನೋಟಿಸ್ ಹಚ್ಚಿದ್ದರು. ನಾವೂ ಅದನ್ನೇ ಹಚ್ಚಬೇಕು ಅಂತ ಸಾಹೇಬರ ಪಟ್ಟು.

ನಾನು ಅವರ ಮುಂದೆ ಕಾಯ್ದೆ ಪುಸ್ತಕ ತೆಗೆಯಲಿಲ್ಲ, ಲೆಕ್ಕ ತೆಗೆದೆ. ನೋಟಿಸ್ ಹಚ್ಚಿದಿರಿ, ಮರಳಿನ ಅಚ್ಚು ಕಟ್ಟುವ ಒಬ್ಬ ಮೋಲ್ಡರ್ ಒಲ್ಲೆ ಅಂದ. ಏನು ಮಾಡುತ್ತೀರಿ? ಹೊರಗೆ ನಿಲ್ಲಿಸುತ್ತೀರಿ. ಅವನು ಕೆಲಸಕ್ಕೆ ತಯಾರಾಗಿ ಗೇಟಿಗೆ ಬಂದಿದ್ದಾನೆ, ನಿಲ್ಲಿಸಿದ್ದು ನಾವು. ಆ ದಿನದ ಪಗಾರ ಮುಂದೆ ನಮ್ಮ ತಲೆಗೇ ಬರುತ್ತದೆ. ಸಸ್ಪೆಂಡ್ ಮಾಡಿದರೆ ಕಾರ್ಖಾನೆಯ ಸೇವಾ ನಿಯಮಗಳ ಕಾಯ್ದೆ, ಅಂದರೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ 10ಎ ಪ್ರಕಾರ ಮೊದಲ 90 ದಿನ ಅರ್ಧ ಪಗಾರ, ವಿಚಾರಣೆ ಅವನ ತಪ್ಪಿಲ್ಲದೆ ತಡವಾದರೆ ಆಮೇಲೆ ಮುಕ್ಕಾಲು. ಅಂದರೆ ಮೂರು ತಿಂಗಳಲ್ಲಿ 45 ದಿನದ ಕೂಲಿ, ಆಗಿನ ನಮ್ಮ ರೇಟಿನಲ್ಲಿ 21,600 ರೂಪಾಯಿ, ಅದೂ ಕೆಲಸ ಮಾಡದೆ. ಅವನಿಗೆ ಲಸಿಕೆಗೆ ಒಂದು ದಿನ ಪಗಾರಸಹಿತ ಸೂಟಿ ಕೊಟ್ಟರೆ ಖರ್ಚು 480 ರೂಪಾಯಿ. ಸಾಹೇಬರು ಕ್ಯಾಲ್ಕುಲೇಟರ್ ತೆಗೆದುಕೊಂಡು ತಾವೇ ಒತ್ತಿ ನೋಡಿದರು.

ಇನ್ನು ಆ ವಿಚಾರಣೆಯಾದರೂ ನಿಲ್ಲುತ್ತದಾ? ಚಾರ್ಜ್‌ಶೀಟಿನಲ್ಲಿ ಏನು ಬರೆಯುತ್ತೀರಿ? 'ಮೇಲಿನವರ ಕಾನೂನುಬದ್ಧ ಮತ್ತು ನ್ಯಾಯವಾದ ಆದೇಶ ಮೀರಿದ' ಅಂತ ತಾನೇ? ಲಸಿಕೆ ಅವರವರ ಇಷ್ಟ ಅಂತ ಕೇಂದ್ರದ ಆರೋಗ್ಯ ಸಚಿವಾಲಯವೇ ಹೇಳಿಕೊಂಡು ಕೂತಿರುವಾಗ ನಮ್ಮ ಆದೇಶ ಕಾನೂನುಬದ್ಧ ಅಂತ ಯಾವ ಲೇಬರ್ ಕೋರ್ಟಿನಲ್ಲಿ ವಾದಿಸೋದು? ಕೆಲಸದಿಂದಲೇ ತೆಗೆದರೆ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕುತ್ತಿಗೆಗೆ ಬರುತ್ತದೆ, ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಪರಿಹಾರ. ಇಪ್ಪತ್ತು ವರ್ಷ ಸರ್ವಿಸ್ ಆದ ಮೋಲ್ಡರ್ ಅಂದರೆ ಹತ್ತು ತಿಂಗಳ ಪಗಾರ, ಗ್ರಾಚ್ಯುಟಿ ಬೇರೆ.

ಎಲ್ಲಕ್ಕಿಂತ ದೊಡ್ಡ ಮಾತು, ಆಗ ಲಸಿಕೆಯೇ ಸಿಗುತ್ತಿರಲಿಲ್ಲ. ಮೇ 1ಕ್ಕೆ 18 ದಾಟಿದವರಿಗೆಲ್ಲ ಅಂದರು, ಮೇ 14ರಿಂದ ನಮ್ಮ ರಾಜ್ಯದಲ್ಲಿ 44ರ ಒಳಗಿನವರಿಗೆ ನಿಂತೇ ಹೋಯಿತು. ಕೋರ್ ಶಾಪ್‌ನ ಗರ್ಭಿಣಿಗೆ ಜುಲೈ 2ರ ತನಕ ಸರ್ಕಾರವೇ ಕೊಡುತ್ತಿರಲಿಲ್ಲ. ಕೋವಿಡ್ ಬಂದು ಹೋದವರು ಮೂರು ತಿಂಗಳು ಕಾಯಬೇಕಿತ್ತು. ಸರ್ಕಾರ ಕೊಡದೇ ಇರುವುದನ್ನು ತಂದು ತೋರಿಸು ಅಂತ ಗೇಟಿನಲ್ಲಿ ನಿಲ್ಲಿಸುವುದಕ್ಕಿಂತ ದಡ್ಡತನ ಬೇರೆ ಇದೆಯಾ?

ಸರಿ, ನೋಟಿಸ್ ತಪ್ಪಿತು. ಆದರೆ ಲಸಿಕೆ ಹಾಕಿಸುವ ಕೆಲಸ ನೆಟ್ಟಗೆ ಹತ್ತಲೇ ಇಲ್ಲ. ಏಪ್ರಿಲ್‌ನಲ್ಲಿ ಕೆಲಸದ ಜಾಗದಲ್ಲೇ ಶಿಬಿರ ಮಾಡಲು ಅವಕಾಶ ಕೊಟ್ಟಿದ್ದರು, ಆದರೆ 45 ದಾಟಿದವರು ನೂರರಷ್ಟಾದರೂ ಇರಬೇಕಿತ್ತು. ನಮ್ಮಲ್ಲಿ 30 ಜನ. ಅಕ್ಕಪಕ್ಕದ ನಾಲ್ಕು ಕಾರ್ಖಾನೆ ಸೇರಿಸಿ ನೂರು ಮಾಡಿದೆ. ಆ ದಿನ ಮಧ್ಯಾಹ್ನದವರೆಗೆ ಎಲ್ಲರೂ ಕ್ಯಾಂಟೀನಿನಲ್ಲಿ ಕೂತರು, ಸ್ಟಾಕ್ ಬರಲಿಲ್ಲ. ಒಂದು ಹೀಟ್, ಅಂದರೆ ಕಬ್ಬಿಣ ಕರಗಿಸುವ ಒಂದು ಸರದಿ, ರದ್ದಾಯಿತು, ಅದರ ನಷ್ಟ ನನಗೆ ಈಗಲೂ ಚುಚ್ಚುತ್ತದೆ. ಆಮೇಲೆ ಲಕ್ಕಿ ಡ್ರಾ ಇಟ್ಟೆವು, ಲಸಿಕೆ ಹಾಕಿಸಿಕೊಂಡವರಿಗೆ ಮಿಕ್ಸರ್, ಕುಕ್ಕರ್ ಅಂತ. ಎಂಟು ಹತ್ತು ಸಾವಿರ ಹೋಯಿತು, ಬಂದವರು ಹೇಗೂ ಹಾಕಿಸಿಕೊಳ್ಳುವವರೇ. ಡಾಕ್ಟರ ಭಾಷಣ ಇಟ್ಟೆವು. ಕೋವ್ಯಾಕ್ಸಿನ್ ಪ್ರಯೋಗ ನಡೆದ ಆಸ್ಪತ್ರೆಗಳಲ್ಲಿ ನಮ್ಮ ಬೆಳಗಾವಿಯ ಜೀವನ್ ರೇಖಾ ಕೂಡ ಇತ್ತಲ್ಲ, ಅದನ್ನು ಹೆಮ್ಮೆಯಿಂದ ಹೇಳಿದರು. ಹಿಂದೆ ಕೂತವರು "ಅಂದ್ರ ನಮ್ಮ ಊರ ಮ್ಯಾಲೇ ಪ್ರಯೋಗ ಮಾಡ್ಯಾರ ಅನ್ರಿ" ಅಂದರು. ಅಲ್ಲಿಗೆ ಭಾಷಣ ಮುಗಿಯಿತು.

ದಾರಿ ತೋರಿಸಿದ್ದು ಪೋರಿಂಗ್‌ನ, ಅಂದರೆ ಲೇಡಲ್ ಎನ್ನುವ ಸೌಟಿನಿಂದ ಕರಗಿದ ಕಬ್ಬಿಣ ಸುರಿಯುವ ಕಡೆಯ, ಒಬ್ಬ ಹಿರಿಯ ಕಾಕಾ. ನಾನು ಹೆದರಿಕೆ ಯಾಕೆ ಅಂತ ಕೇಳಿದ್ದಕ್ಕೆ, "ಸೂಜಿಗೆ ಯಾರ ಅಂಜತಾರ್ರೀ ಸಾಹೇಬ್ರ. ಸೂಜಿ ಮರುದಿನ ಜ್ವರ ಬರ್ತಾವು. ಜ್ವರದಾಗ ಲೇಡಲ್ ಹಿಡಿಯಾಕ ಆಗೂದಿಲ್ಲ. ಎರಡು ದಿನದ ಪಗಾರ ಯಾರ ಕೊಡ್ತಾರ?" ಅಂದ. 1400 ಡಿಗ್ರಿ ಕಬ್ಬಿಣದ ಮುಂದೆ ಜ್ವರದ ಮನುಷ್ಯ ನಿಲ್ಲುವುದು ಸುರಕ್ಷತೆಯ ಲೆಕ್ಕದಲ್ಲೂ ತಪ್ಪೇ. ಅಂದರೆ ಇದು ಲಸಿಕೆಯ ಜಗಳ ಅಲ್ಲ, ಪಗಾರದ ಜಗಳ. ಅದನ್ನು ಬಗೆಹರಿಸೋದು ನಮ್ಮ ಕೈಯಲ್ಲೇ ಇತ್ತು.

ಮಾಡಿದ್ದು ಇಷ್ಟು. ಕೋವಿಶೀಲ್ಡ್ ಬಾಟಲಿಯಲ್ಲಿ 10 ಡೋಸ್, ಒಡೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಹತ್ತು ಜನ ಸೇರದಿದ್ದರೆ ಸಿಸ್ಟರ್ ಬಾಟಲಿ ಒಡೆಯುತ್ತಿರಲಿಲ್ಲ, ಕಾಯಿಸುತ್ತಿದ್ದರು. ಅದಕ್ಕೇ ನಾನು ಹತ್ತು ಹತ್ತು ಜನರ ತಂಡ ಮಾಡಿದೆ, ಆದರೆ ಒಂದೇ ಶಾಪಿನ ಹತ್ತು ಜನ ಅಲ್ಲ. ಮೋಲ್ಡಿಂಗ್‌ನಿಂದ ಮೂರು, ಫೆಟ್ಲಿಂಗ್‌ನಿಂದ ಮೂರು, ಫರ್ನೇಸ್‌ನಿಂದ ಒಬ್ಬ, ಹೀಗೆ. ಫರ್ನೇಸ್‌ನವರಿಬ್ಬರು ಒಟ್ಟಿಗೆ ಮಲಗಿದರೆ ಹೀಟ್ ಹೋಯಿತು ಅಂತಲೇ ಲೆಕ್ಕ. ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಸ್ಟಾಕ್ ಇದೆ ಅಂದಮೇಲೆ ಮಾತ್ರ ಟೆಂಪೋ ಹೊರಡುತ್ತಿತ್ತು. ಲಸಿಕೆಗೆ ಹೋದ ದಿನ ಪೂರ್ತಿ ಹಾಜರಿ, ಮರುದಿನ ಪಗಾರಸಹಿತ ಸೂಟಿ, ಅದನ್ನು ಗಳಿಕೆ ರಜೆಯಲ್ಲಿ ಹಿಡಿಯುವುದಿಲ್ಲ. ಇದನ್ನು ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಬೇರೆ ಗುರುತು ಹಾಕಿ ಬರೆಯಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಟೈಮ್ ಆಫೀಸಿನವರು ಗೈರು ಅಂತ ಕತ್ತರಿಸುತ್ತಾರೆ. ಮೊದಲ ತಂಡದ ಪಗಾರ ಪೂರ್ತಿ ಕೈಗೆ ಬಂದ ದಿನ ಎರಡನೇ ಮೂರನೇ ತಂಡದ ಹೆಸರು ತಾವಾಗಿಯೇ ಬಂದವು. ಜೂನ್ 21ರಿಂದ ಕೇಂದ್ರ ಉಚಿತ ಕೊಡಲು ಶುರು ಮಾಡಿದ ಮೇಲಂತೂ ಸರಾಗ ಆಯಿತು.

ಗುತ್ತಿಗೆ ಆಳುಗಳ ಸೂಟಿ ಪಗಾರ ಯಾರು ಕೊಡೋದು ಅನ್ನುವುದು ನಿಮಗೆಲ್ಲ ಇರುವ ಪ್ರಶ್ನೆ. ಕಂತ್ರಾಟುದಾರನನ್ನು ನಾನು ಒಪ್ಪಿಸಿದೆ, ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕು ಚಹಾ ಕುಡಿಸಿದರೆ ಹೇಳುತ್ತೇನೆ. ಅವನ ಮುನ್ಶಿ ಮಾತ್ರ ನನಗೆ ಹೊಸ ತಲೆನೋವು ತಂದ. ಆಗ ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ತಾಣ ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ನಾಲ್ಕು ಜನರನ್ನು ಸೇರಿಸಬಹುದಿತ್ತು. ಅವನು ಒಡಿಶಾದ ಹುಡುಗರನ್ನು ತನ್ನ ನಂಬರಿಗೆ ಹಾಕಿ, ಎರಡನೇ ಡೋಸ್ ಹೊತ್ತಿಗೆ ಕೆಲಸ ಬಿಟ್ಟು ಸಿಮ್ ಬದಲಿಸಿದ. ಓಟಿಪಿ ಎಲ್ಲಿಗೋ ಹೋಗುತ್ತಿತ್ತು. ಆ ನಾಲ್ವರ ಸರ್ಟಿಫಿಕೇಟ್ ತೆಗೆಯಲು ನಾನು ಪಟ್ಟ ಪಾಡು ಉಳಿದವರೆಲ್ಲರದ್ದು ಸೇರಿಸಿದರೂ ಆಗಲಿಕ್ಕಿಲ್ಲ. ಕೋವಿಶೀಲ್ಡ್‌ಗೆ 12ರಿಂದ 16 ವಾರದ ಅಂತರ ಇದ್ದದ್ದರಿಂದ ಜುಲೈನಲ್ಲಿ ಹಾಕಿಸಿಕೊಂಡವರದು ದಸರಾ ಆಸುಪಾಸಿಗೆ ಬಂತು, ಅರ್ಧ ಹುಡುಗರು ಊರಿಗೆ ಹೋಗಿದ್ದರು.

ಇದರ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಗೇಟಿನ ಥರ್ಮಲ್ ಗನ್ ಊಟದ ನಂತರ ಫರ್ನೇಸ್‌ನವರಿಗೆಲ್ಲ ಜ್ವರ ತೋರಿಸುತ್ತಿತ್ತು. ಫ್ಯಾನ್ ಕೆಳಗೆ ಕಾಲು ಗಂಟೆ ಕೂರಿಸಿ ಮತ್ತೆ ಹಿಡಿದರೆ ಎಲ್ಲ ನಾರ್ಮಲ್. ಏಪ್ರಿಲ್ 22ರಿಂದ ಕಾರ್ಖಾನೆಗಳಿಗೆ ಆಕ್ಸಿಜನ್ ಬಂದ್ ಮಾಡಿದರಲ್ಲ, ಆಗ ನಮ್ಮ ರೈಸರ್, ಅಂದರೆ ಎರಕಕ್ಕೆ ಅಂಟಿಕೊಂಡು ಉಳಿಯುವ ಹೆಚ್ಚುವರಿ ಲೋಹದ ಗೂಟ, ಕತ್ತರಿಸುವ ಕೆಲಸವೇ ನಿಂತಿತು. ರೈಸರ್ ಕುತ್ತಿಗೆ ಸಣ್ಣ ಮಾಡಿಸಿ ಸುತ್ತಿಗೆಯಿಂದ ಹೊಡೆದು ಬೀಳಿಸಿದೆವು, ದಪ್ಪದ್ದಕ್ಕೆ ಕಟಿಂಗ್ ವೀಲ್. ವೀಲ್ ಖರ್ಚು ಜಾಸ್ತಿ ಆಯಿತು, ಆದರೆ ಆ ಸಣ್ಣ ಕುತ್ತಿಗೆ ಅಚ್ಚು ತೆಗೆಯುವ ಕೆಲವು ಪ್ಯಾಟರ್ನ್‌ಗಳಲ್ಲಿ ಇವತ್ತಿಗೂ ಉಳಿದಿದೆ. ಕ್ಯಾಂಟೀನಿನ ಕಷಾಯ ಮಾತ್ರ ಯಾರೂ ಕುಡಿಯಲಿಲ್ಲ.

ಕೊನೆಗೂ ಒಲ್ಲೆ ಅಂದವರು ಏಳೆಂಟು ಜನ. ಅವರ ಪಗಾರ ಕತ್ತರಿಸಲಿಲ್ಲ, ಗೇಟಿನಲ್ಲಿ ನಿಲ್ಲಿಸಲಿಲ್ಲ. ಮರಳಿನ ಯಾರ್ಡ್ ತೆರೆದ ಜಾಗ, ಆದಷ್ಟು ಅಲ್ಲಿಗೆ ಹಾಕಿದೆವು, ಚಹಾದ ಹೊತ್ತು ಬೇರೆ ಮಾಡಿದೆವು. ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಕಡೆಯವರೂ ಇರುತ್ತಾರಲ್ಲ, ಅವರ ಸಹಿ ಹಾಕಿಸಿಯೇ ಮಾಡಿದ್ದು, ಅದಕ್ಕೇ ಯೂನಿಯನ್ ತಕರಾರು ಎತ್ತಲಿಲ್ಲ. ಬೇಡ ಅಂದವರಿಂದ ಒಂದು ಮೂರು ಸಾಲಿನ ಬರಹ ತೆಗೆದುಕೊಂಡೆ. ಮೂರನೇ ಸಾಲಿನ ಮಾತು ನನ್ನ ಹತ್ತಿರವೇ ಇರಲಿ. ಅದನ್ನು ಓದಿದ ಮೇಲೆ ಇಬ್ಬರು ಮನಸ್ಸು ಬದಲಿಸಿ ಟೆಂಪೋ ಹತ್ತಿದರು ಅಂತ ಮಾತ್ರ ಹೇಳಬಲ್ಲೆ.

ಪುಣೆಯ ಗಿರಾಕಿಗೆ ಯಾರ ಸರ್ಟಿಫಿಕೇಟೂ ಕಳಿಸಲಿಲ್ಲ. ನೂರಕ್ಕೆ 95ರ ಹತ್ತಿರ ಆಗಿದೆ ಅಂತ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಅಷ್ಟೇ. ಒಪ್ಪಿಕೊಂಡರು. ಒಟ್ಟು ಖರ್ಚು ನೆನಪಿನಿಂದ ಹೇಳೋದಾದರೆ ಎರಡು ಡೋಸಿನ ಸೂಟಿ ಪಗಾರ ಒಂದೂವರೆ ಲಕ್ಷ, ಟೆಂಪೋ ಡೀಸೆಲ್ ಬೇರೆ. ಖಾಸಗಿಯಲ್ಲಿ ಕೋವಿಶೀಲ್ಡ್‌ಗೆ 780 ಕೊಟ್ಟಿದ್ದರೆ ಲಸಿಕೆಗೇ ಎರಡೂವರೆ ಲಕ್ಷ ಆಗುತ್ತಿತ್ತು.

ಕಾಯ್ದೆ ಆಮೇಲೆ ನನ್ನ ಕಡೆಗೇ ಬಂತು ಅನ್ನೋದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. 2021ರ ಜೂನ್ 23ಕ್ಕೆ ಮೇಘಾಲಯ ಹೈಕೋರ್ಟ್, ಅಂಗಡಿಯವರು, ಟ್ಯಾಕ್ಸಿಯವರು ಲಸಿಕೆ ಹಾಕಿಸಿಕೊಂಡೇ ದುಡಿಯಬೇಕು ಅಂತ ಬಲವಂತ ಮಾಡುವಂತಿಲ್ಲ ಅಂದಿತು. ಪ್ರಿಂಟ್ ತೆಗೆದು ಸಾಹೇಬರ ಟೇಬಲ್ ಮೇಲಿಟ್ಟೆ. ಅವರ ಮಗ ಅಮೆರಿಕದಿಂದ, ಇಲ್ಲಿ ನೂರು ಜನ ಮೇಲಿದ್ದರೆ ಲಸಿಕೆ ಇಲ್ಲವೇ ವಾರವಾರ ಟೆಸ್ಟ್ ಕಡ್ಡಾಯ ಮಾಡ್ತಿದ್ದಾರೆ ಅಂತ ಮೆಸೇಜ್ ಹಾಕಿದ್ದ. ಅದನ್ನೂ 2022ರ ಜನವರಿ 13ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ತಡೆಯಿತು, ಆಸ್ಪತ್ರೆ ಸಿಬ್ಬಂದಿಯದನ್ನು ಮಾತ್ರ ಉಳಿಸಿತು. ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಹೇಳಿತು. ಪಕ್ಕದ ಕಾರ್ಖಾನೆಯವರ ನೋಟಿಸ್ ಅಷ್ಟರಲ್ಲಿ ಲೇಬರ್ ಆಫೀಸಿನವರೆಗೆ ಹೋಗಿ ಹರಿದು ಬಂದಿತ್ತು.

2022ರ ಜುಲೈ 15ರಿಂದ 75 ದಿನ ಮೂರನೇ ಡೋಸ್ ಉಚಿತ ಕೊಟ್ಟರು. ಈ ಸಲ ಸಾಹೇಬರು ಸೂಟಿಗೆ ಪಗಾರ ಬೇಡ ಅಂದರು, ಮಂದಿಗೆ ರೂಢಿಯಾಗಿದೆ, ತಾವೇ ಹೋಗುತ್ತಾರೆ ಅಂತ. ಟೆಂಪೋ ಅದೇ, ಪಟ್ಟಿ ಅದೇ, ಆರೋಗ್ಯ ಕೇಂದ್ರವೂ ಅದೇ. ಹೋದವರು ಹನ್ನೆರಡೋ ಹದಿಮೂರೋ ಜನ, ಅದರಲ್ಲಿ ಅರ್ಧ ನಮ್ಮ ಆಫೀಸಿನವರು.